ಹನ್ನೊಂದು ಗಂಟೆ ತಿಂಡಿ: ಮಗಳ ಶಾಲೆಯಲ್ಲಿ ಬಿಸ್ಕತ್ತು ಬಿಡಿಸಿದ ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಕಿರಾಣಿ ಅಂಗಡಿ. ಕ್ರೀಮ್ ಬಿಸ್ಕತ್ತು, ರಸ್ಕು, ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟು ಎಲ್ಲವನ್ನೂ ನಾನೂ ಮಾರುತ್ತೇನೆ, ಅದರಿಂದಲೇ ಮನೆ ನಡೆಯುತ್ತದೆ. ಹಾಗಾಗಿ ಈ ವಿಷಯದಲ್ಲಿ ಉಪದೇಶ ಮಾಡೋಕೆ ನನಗೆ ಮುಖ ಇಲ್ಲ. ಆದರೆ ಮಗಳ ಶಾಲೆಯಲ್ಲಿ ತಿಂಡಿ ಬದಲಾಗಿದ್ದು ನಾನು ಅಂಗಡಿಯವನು ಆಗಿದ್ದರಿಂದಲೇ ಅಂತ ನನಗೆ ಅನಿಸುತ್ತದೆ. ಬಿಸ್ಕತ್ತು ಕೆಟ್ಟದ್ದು ಅಂತ ಹೇಳೋಕೆ ಎಲ್ಲರೂ ಇದ್ದರು. ಅದರ ಜಾಗಕ್ಕೆ ಏನು ತರೋದು, ಯಾರು ಮಾಡೋದು, ಎಷ್ಟಕ್ಕೆ ಬೀಳುತ್ತೆ ಅಂತ ಲೆಕ್ಕ ಹಾಕೋರು ಮಾತ್ರ ಯಾರೂ ಇರಲಿಲ್ಲ.

ಊರಿನ ಒಂದು ಖಾಸಗಿ ಶಾಲೆ, ಹೆಸರು ಬೇಡ. ಎಲ್‌ಕೆಜಿಯಿಂದ ಎರಡನೇ ಕ್ಲಾಸಿನವರೆಗೆ ಸುಮಾರು 120 ಮಕ್ಕಳು. ಫೀಸಿನಲ್ಲೇ ತಿಂಡಿ ದುಡ್ಡೂ ಸೇರಿದೆ. ಹನ್ನೊಂದು ಗಂಟೆಗೆ ಬ್ರೇಕು. ಒಂದು ದಿನ ಕ್ರೀಮ್ ಬಿಸ್ಕತ್ತು, ಒಂದು ದಿನ ರಸ್ಕು, ಒಂದು ದಿನ ಬೇಕರಿ ಕೇಕು, ಒಂದು ದಿನ ಕುರುಕಲು ಪ್ಯಾಕೆಟ್ಟು, ಆಮೇಲೆ ಮತ್ತೆ ಬಿಸ್ಕತ್ತು. ಮಗಳು ಮಧ್ಯಾಹ್ನದ ಡಬ್ಬಿಯನ್ನು ಹಾಗೇ ವಾಪಸ್ ತರುತ್ತಿದ್ದಳು. ಹೊಟ್ಟೆ ತುಂಬಿಬಿಟ್ಟಿರುತ್ತಿತ್ತು ಅಲ್ವಾ, ಊಟ ಎಲ್ಲಿ ಸೇರಬೇಕು.

ಇದರಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ಬೇರೆಯೇ. ನಮ್ಮ ಅಕ್ಕನ ಮಗ ಜಗಳೂರು ತಾಲೂಕಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಗೆ ಹೋಗುತ್ತಾನೆ. ಅಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಇದೆ, ಕ್ಷೀರಭಾಗ್ಯದ ಹಾಲು 2013ರಿಂದ ಇದೆ, ಹಾಲಿಗೆ ರಾಗಿ ಮಾಲ್ಟ್ ಸೇರಿಸೋದು 2024ರಲ್ಲಿ ಶುರುವಾಯಿತು, ಅದೇ ವರ್ಷದಿಂದ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅವನು ದುಡ್ಡು ಕೊಡದೆ ಮೊಟ್ಟೆ ತಿನ್ನುತ್ತಾನೆ, ನನ್ನ ಮಗಳು ದುಡ್ಡು ಕೊಟ್ಟು ಮೈದಾ ತಿನ್ನುತ್ತಾಳೆ.

ಮೊದಲು ಮಾಡಿದ ಕೆಲಸ, ಅಂಗಡಿಯಲ್ಲಿ ಅದೇ ಪ್ಯಾಕೆಟ್ಟುಗಳನ್ನು ಸಾಲಾಗಿ ಇಟ್ಟುಕೊಂಡು ಹಿಂಬದಿ ಓದಿದ್ದು. ಇಷ್ಟು ವರ್ಷ ಮಾರಿದರೂ ಎಕ್ಸ್‌ಪೈರಿ ತಾರೀಖು ಬಿಟ್ಟು ಬೇರೇನೂ ನೋಡಿರಲಿಲ್ಲ. ಓದೋದು ಕಷ್ಟ ಏನಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಅಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಈ ಮೂರೇ ಮುಂದೆ ಕೂತಿದ್ದರೆ ಉಳಿದದ್ದು ಓದೋ ಅಗತ್ಯವೇ ಇಲ್ಲ. ಮುಂದುಗಡೆ ದೊಡ್ಡದಾಗಿ ರಾಗಿ ಅಂತ ಬರೆದಿದ್ದರೆ, ರಾಗಿ ಶೇಕಡಾ ಎಷ್ಟು ಅಂತ ಹಿಂದುಗಡೆ ಸಣ್ಣದಾಗಿ ಇರುತ್ತದೆ, ಅದನ್ನು ಒಮ್ಮೆ ನೋಡಿ, ನಗು ಬರುತ್ತದೆ. ಪೋಷಕಾಂಶದ ಪಟ್ಟಿಯಲ್ಲಿ ಉಪ್ಪನ್ನು ಉಪ್ಪು ಅಂತ ಬರೆಯೋದಿಲ್ಲ, ಸೋಡಿಯಂ ಅಂತ ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟು ಅಂತ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು.

ಸಕ್ಕರೆ ಲೆಕ್ಕ ಹೀಗೆ. ಶಾಲೆಗೆ ಬರುತ್ತಿದ್ದ ಕ್ರೀಮ್ ಬಿಸ್ಕತ್ತಿನಲ್ಲಿ 100 ಗ್ರಾಂಗೆ 35 ಗ್ರಾಂ ಆಸುಪಾಸು ಸಕ್ಕರೆ. ಒಂದು ಮಗುವಿಗೆ ಕೊಡೋದು ಹತ್ತಿರ ಹತ್ತಿರ 40 ಗ್ರಾಂ ಬಿಸ್ಕತ್ತು, ಅಂದರೆ 14 ಗ್ರಾಂ ಸಕ್ಕರೆ, ಮೂರು ಟೀ ಚಮಚಕ್ಕೆ ಕಡಿಮೆ ಇಲ್ಲ. ದಿನದ ಒಟ್ಟು ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ 10 ದಾಟಬಾರದು, ಶೇ 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದಾರು ವರ್ಷದ ಮಗುವಿಗೆ ದಿನಕ್ಕೆ 1,360 ಕ್ಯಾಲೊರಿ ಹಿಡಿದರೆ ಶೇ 5 ಅಂದರೆ 17 ಗ್ರಾಂ, ಅದರಲ್ಲಿ 14 ಗ್ರಾಂ ಬಿಸ್ಕತ್ತಿನಲ್ಲೇ ಹೋಯಿತು. ಬೆಳಿಗ್ಗೆ ಹಾಲಿಗೆ ಹಾಕಿದ ಸಕ್ಕರೆಯನ್ನು ಬಿಟ್ಟು ಹೇಳುತ್ತಿದ್ದೇನೆ. 2025ರ ಮೇನಲ್ಲಿ ಸಿಬಿಎಸ್‌ಇಯವರು ತಮ್ಮ ಶಾಲೆಗಳಲ್ಲಿ ಸಕ್ಕರೆ ಬೋರ್ಡ್ ಹಾಕಿ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಇದೆ ಅಂತ ಮಕ್ಕಳಿಗೆ ತೋರಿಸಿ ಅಂದಿದ್ದರು. ನಮ್ಮದು ರಾಜ್ಯ ಪಠ್ಯಕ್ರಮದ ಶಾಲೆ, ಆ ಸುತ್ತೋಲೆ ನಮಗೆ ಲಾಗೂ ಆಗಲ್ಲ. ಆದರೂ ಅದೇ ಮಾದರಿಯಲ್ಲಿ ಒಂದು ಹಾಳೆ ಬರೆದುಕೊಂಡು ಹೋದೆ.

ಹೆಡ್ ಮೇಡಂ ಹಾಳೆ ನೋಡಿದರು. ಸಿಟ್ಟು ಮಾಡಲಿಲ್ಲ. "ನೀವು ಹೇಳೋದೆಲ್ಲಾ ಸರಿ, ನೀವೇ ನನ್ನ ಜಾಗದಲ್ಲಿದ್ದರೆ ಏನು ಕೊಡ್ತಿದ್ರಿ?" ಅಂತ ಕೇಳಿದರು. ಅವರ ತೊಂದರೆಗಳೂ ಸುಮ್ನೆ ನೆಪ ಆಗಿರಲಿಲ್ಲ. ಒಂದು ಮಗುವಿಗೆ ಐದು ರೂಪಾಯಿ ಮೀರೋ ಹಾಗಿಲ್ಲ. ಅಡುಗೆಮನೆ ಅಂತ ಇರೋದು ಟೀಚರುಗಳಿಗೆ ಟೀ ಕಾಯಿಸೋ ಕೋಣೆ, ಅಲ್ಲಿ ಎರಡು ಬರ್ನರಿನ ಒಂದು ಒಲೆ. ಆಯಾ ಅಕ್ಕ ಒಬ್ಬರೇ. ಬಿಸ್ಕತ್ತಾದರೆ ಡಬ್ಬ ಒಡೆದು ಹಂಚಿದರೆ ಮುಗಿಯಿತು, ಎಣಿಕೆ ಸರಿ, ಉಳಿದರೆ ನಾಳೆಗೆ, ಯಾರ ಹೊಟ್ಟೆ ಕೆಟ್ಟರೂ ಶಾಲೆಯ ತಲೆಗೆ ಬರಲ್ಲ. ವ್ಯಾಪಾರಿಯಾಗಿ ಕೇಳಿದರೆ ನಾನೂ ಅದನ್ನೇ ಆರಿಸುತ್ತಿದ್ದೆ.

ಅಲ್ಲಿಂದ ಮುಂದೆ ಆರೋಗ್ಯದ ಭಾಷಣ ಬಿಟ್ಟೆ. ಆ ಒಲೆ, ಆ ಅಕ್ಕ, ಆ ಐದು ರೂಪಾಯಿ, ಇಷ್ಟರೊಳಗೆ ಏನಾಗುತ್ತೆ ಅಂತ ಮಾತ್ರ ಯೋಚನೆ ಮಾಡಿದೆ. ಆಯಾ ಅಕ್ಕನ ಜೊತೆ ಕೂತು ಮಾತಾಡಿದ್ದೇ ದೊಡ್ಡ ಉಪಕಾರ ಆಯಿತು. ಅವರು ಮೊದಲೇ ಹೇಳಿದರು, ಕುಕ್ಕರ್ ಬೇಡ, ಎಣ್ಣೆಯಲ್ಲಿ ಕರಿಯೋದು ಬೇಡ, ಲಟ್ಟಿಸೋದು ಬೇಡ. ಅಲ್ಲಿಗೆ ಚಪಾತಿ, ಪೂರಿ, ಇಡ್ಲಿ, ಕಡಲೆಕಾಳು ಎಲ್ಲಾ ಹೋಯಿತು. ಉಳಿದಿದ್ದು ಹೆಸರುಕಾಳು, ಅಲಸಂದೆ, ಮಂಡಕ್ಕಿ, ಹಣ್ಣು.

ಹೆಸರುಕಾಳು ಉಸಲಿ ನಮ್ಮನ್ನು ಗೆಲ್ಲಿಸಿತು. ನೆನೆದ ಹೆಸರುಕಾಳಿಗೆ ಕುಕ್ಕರ್ ಬೇಕಿಲ್ಲ, ತೆರೆದ ಪಾತ್ರೆಯಲ್ಲೇ ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ. ಒಂದು ಮಗುವಿಗೆ 25 ಗ್ರಾಂ ಒಣ ಕಾಳು, 120 ಮಕ್ಕಳಿಗೆ 3 ಕಿಲೋ. ಆಗ ನಮ್ಮ ಅಂಗಡಿಯಲ್ಲಿ ಕಿಲೋ 120 ಇತ್ತು, ಅಂದರೆ ತಲೆಗೆ ಮೂರು ರೂಪಾಯಿ. ಕಾಯಿತುರಿ, ನಿಂಬೆಹಣ್ಣು, ಒಗ್ಗರಣೆ ಎಣ್ಣೆ, ಗ್ಯಾಸು ಎಲ್ಲಾ ಸೇರಿ ನಾಲ್ಕೂವರೆ. ಈ 25 ಗ್ರಾಂ ಕಾಳಿನಲ್ಲಿ 5ರಿಂದ 6 ಗ್ರಾಂ ಪ್ರೋಟೀನ್ ಇದೆ, ಹತ್ತಿರ ಹತ್ತಿರ ಒಂದು ಮೊಟ್ಟೆಯಷ್ಟು. ಉಪ್ಪು ಬೆಂದ ಮೇಲೆ, ನಿಂಬೆರಸ ಒಲೆ ಆರಿಸಿದ ಮೇಲೆ. ನಿಂಬೆ ಬರೀ ರುಚಿಗಲ್ಲ, ಅದರಲ್ಲಿರೋ ವಿಟಮಿನ್ ಸಿ ಕಾಳಿನ ಕಬ್ಬಿಣಾಂಶ ಮೈಗೆ ಹತ್ತೋಕೆ ಸಹಾಯ ಮಾಡುತ್ತದೆ. ಕಾಳು ಒಡೆಯೋ ಹಾಗೆ ಬೇಯಿಸಬಾರದು. ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು, ಸಿಪ್ಪೆ ಬಿಡಬಾರದು. ಮುದ್ದೆಯಾದ ಉಸಲಿಯನ್ನು ಮಕ್ಕಳು ಮುಟ್ಟೋದೂ ಇಲ್ಲ.

ನೆನೆಸೋದು ಯಾರು, ಯಾವಾಗ ಅನ್ನೋದೇ ನಿಜವಾದ ತಲೆನೋವು. ಭಾನುವಾರ ಶಾಲೆ ಮುಚ್ಚಿರುತ್ತದೆ, ಹಾಗಾಗಿ ಸೋಮವಾರ ಉಸಲಿ ಆಗಲ್ಲ, ಸೋಮವಾರ ಬಾಳೆಹಣ್ಣು. ಉಳಿದ ದಿನ ಅಕ್ಕ ಸಂಜೆ ಮನೆಗೆ ಹೋಗುವಾಗ ನೆನೆಸಿ ಹೋಗುತ್ತಿದ್ದರು. ಚಳಿಗಾಲಕ್ಕೆ ಸರಿಯಾಯಿತು. ಮಾರ್ಚ್ ಬಂದ ಮೇಲೆ ನಮ್ಮೂರಿನ ಬಿಸಿಲು ಗೊತ್ತಲ್ಲ, ಬೆಳಿಗ್ಗೆ ಬರುವಷ್ಟರಲ್ಲಿ ನೀರಿನ ಮೇಲೆ ನೊರೆ, ಹುಳಿ ವಾಸನೆ. ಅಂಥ ಕಾಳನ್ನು ತೊಳೆದು ಬೇಯಿಸಿದರಾಯಿತು ಅನ್ನೋರೂ ಇದ್ದಾರೆ, ಮಕ್ಕಳಿಗೆ ಕೊಡೋದರಲ್ಲಿ ಆ ಧೈರ್ಯ ಬೇಡ. ಅದಕ್ಕೇ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ಬಿಸಿನೀರಿಗೆ ಕಾಳು ಹಾಕಿ ಮುಚ್ಚಿಡೋದು, ಹತ್ತು ಗಂಟೆಗೆ ಒಲೆಗೆ ಇಡೋದು ಅಂತ ಮಾಡಿಕೊಂಡೆವು. ಹೆಸರುಕಾಳಿಗೆ ಅಷ್ಟು ಸಾಕು. ಅಲಸಂದೆ ಅಷ್ಟಕ್ಕೆ ಬಗ್ಗಲ್ಲ, ಅದನ್ನು ಬೇಸಿಗೆಯಲ್ಲಿ ಕೈಬಿಟ್ಟೆವು. ಮೊಳಕೆ ಕಾಳು ಒಳ್ಳೆಯದು ಅಂತ ಒಬ್ಬ ತಾಯಿ ಪಟ್ಟು ಹಿಡಿದಿದ್ದರು. ಮನೆಯಲ್ಲಿ ಮಾಡಿ, ಖಂಡಿತ ಮಾಡಿ. 120 ಮಕ್ಕಳಿಗೆ, ಫ್ರಿಜ್ ಇಲ್ಲದ ಕೋಣೆಯಲ್ಲಿ, ಬೇಡ.

ಬುಧವಾರ ಮಂಡಕ್ಕಿ. ದಾವಣಗೆರೆಯಲ್ಲಿ ಮಂಡಕ್ಕಿ ಹುಡುಕಿಕೊಂಡು ಹೋಗಬೇಕಿಲ್ಲ, ಮಂಡಕ್ಕಿ ಹುರಿಯೋ ಭಟ್ಟಿಯಿಂದಲೇ ಚೀಲ ಬರುತ್ತದೆ. ಬರೀ ಮಂಡಕ್ಕಿಯಲ್ಲಿ ಹೊಟ್ಟೆಗೆ ಹಿಡಿಯೋದು ಏನೂ ಇಲ್ಲ, ಅದು ಅಕ್ಕಿಯೇ ತಾನೆ. ಅದಕ್ಕೇ 2 ಕಿಲೋ ಮಂಡಕ್ಕಿಗೆ ಒಂದೊಂದು ಕಿಲೋ ಹುರಿದ ಶೇಂಗಾ, ಪುಟಾಣಿ (ಹುರಿಗಡಲೆ), ತುರಿದ ಕ್ಯಾರೆಟ್, ಸ್ವಲ್ಪ ಒಗ್ಗರಣೆ. ಉಪ್ಪನ್ನು ಕೈ ಹಿಡಿದು ಹಾಕಬೇಕು, ಭಟ್ಟಿಯಲ್ಲಿ ಹುರಿಯೋ ಮೊದಲೇ ಅಕ್ಕಿಗೆ ಉಪ್ಪು ಸೇರಿರುತ್ತದೆ. ಕಲಸಿ ಇಟ್ಟರೆ ಮೆತ್ತಗಾಗುತ್ತೆ, ಬೆಲ್ ಹೊಡೆಯೋಕೆ ಹತ್ತು ನಿಮಿಷ ಇದ್ದಾಗ ಕಲಸಿದರೆ ಗರಿಗರಿ. ಮಕ್ಕಳು ಮೊದಲ ದಿನವೇ ಇನ್ನೊಂದು ಸಲ ಹಾಕಿ ಅಂದಿದ್ದು ಇದಕ್ಕೊಂದೇ.

ಶೇಂಗಾ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಚಳ್ಳಕೆರೆ ಕಡೆಯ ಮಾಲು ಚೆನ್ನಾಗಿರುತ್ತದೆ, ಆದರೆ ಎಲ್ಲಿಯದೇ ಆಗಲಿ ಆರಿಸದೆ ಹುರಿಯೋ ಹಾಗಿಲ್ಲ. ಸುಕ್ಕಾದ, ಬಣ್ಣ ಕೆಟ್ಟ, ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಅದು ಲಿವರ್‌ಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗಲ್ಲ. ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಇಡೀ ಬೀಜ ಕೊಡಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಪುಡಿ ಮಾಡಿ ಉದುರಿಸುತ್ತೇವೆ. ಶೇಂಗಾ ಅಲರ್ಜಿ ಇರೋ ಮಕ್ಕಳ ಬಗ್ಗೆ ಎಲ್ಲರ ಮನೆಯಿಂದಲೂ ಬರೆಸಿಕೊಂಡೆವು. ಒಂದು ಮಗು ಇತ್ತು. ಅದಕ್ಕೆ ಬೇರೆ ಪಾತ್ರೆ, ಬೇರೆ ಸೌಟು, ಮೊದಲು ಅದರ ಪಾಲು ತೆಗೆದಿಟ್ಟ ಮೇಲೆಯೇ ಶೇಂಗಾ ಡಬ್ಬ ತೆರೆಯೋದು. ಶೇಂಗಾ ಹೇಗೂ ಕೊಡ್ತೀರಲ್ಲ, ಚಿಕ್ಕಿನೇ ಕೊಡಿ ಅಂದರು ಕೆಲವರು. ಸರ್ಕಾರಿ ಶಾಲೆಗಳಲ್ಲೇ 2025ರಲ್ಲಿ ಚಿಕ್ಕಿ ನಿಲ್ಲಿಸಿದ್ದಾರೆ, ಸಕ್ಕರೆ ಜಾಸ್ತಿ ಅನ್ನೋದೂ ಅದಕ್ಕೊಂದು ಕಾರಣ.

ಬಾಳೆಹಣ್ಣನ್ನು ನಾನು ಶುಕ್ರವಾರ ಕಾಯಿಗೊನೆಯಾಗಿಯೇ ತಂದು ಅಂಗಡಿ ಹಿಂದೆ ಗೋಣಿಚೀಲ ಮುಚ್ಚಿ ಇಡುತ್ತೇನೆ, ಸೋಮವಾರಕ್ಕೆ ಹದವಾಗುತ್ತದೆ. ಕಾರ್ಬೈಡ್ ಹಾಕಿ ಹಣ್ಣು ಮಾಡೋದಕ್ಕೆ ನಿಷೇಧ ಇದೆ, ಆದರೆ ನೋಡಿ ಕಂಡುಹಿಡಿಯೋದು ಸುಲಭ ಇಲ್ಲ, ನಾವೇ ಹಣ್ಣು ಮಾಡಿಕೊಂಡರೆ ಆ ಚಿಂತೆ ಇಲ್ಲ. ಶುಕ್ರವಾರ ಆ ಕಾಲದ ಹಣ್ಣು, ಮಳೆಗಾಲದಲ್ಲಿ ಮೆಕ್ಕೆಜೋಳದ ಎಳೆ ತೆನೆ. ನಮ್ಮ ಜಿಲ್ಲೆ ತುಂಬಾ ಮೆಕ್ಕೆಜೋಳ, ದೊಡ್ಡ ಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ. ಎಳೆಯದಾಗಿದ್ದಾಗ ರೈತರ ಹತ್ತಿರವೇ ತಂದು, ಮೂರು ತುಂಡು ಮಾಡಿ ಬೇಯಿಸಿದರೆ ಮಕ್ಕಳು ಎರಡೂ ಕೈಯಲ್ಲಿ ಹಿಡಿದು ಕಚ್ಚುತ್ತಾರೆ. ಕ್ಲಾಸಿನ ನೆಲ ತುಂಬಾ ಜೋಳದ ಕಾಳು. ಟೀಚರುಗಳಿಂದ ಬೈಸಿಕೊಂಡಿದ್ದೂ ಅದಕ್ಕೇ.

ನವಣೆ ಉಂಡೆ, ರಾಗಿ ಉಂಡೆ ಮಕ್ಕಳಿಗೆ ಹಿಡಿಸಲಿಲ್ಲ. ಹೋಗಲಿ ಬಿಡಿ.

ಮಕ್ಕಳಿಗಿಂತ ಹೆತ್ತವರನ್ನು ಒಪ್ಪಿಸೋದು ಕಷ್ಟ. "ಇಷ್ಟು ಫೀಸು ಕಟ್ಟಿ ನಮ್ಮ ಮಗ ಮಂಡಕ್ಕಿ ತಿನ್ನಬೇಕಾ?" ಅಂತ ಒಬ್ಬರು ಮೀಟಿಂಗಿನಲ್ಲಿ ಎದ್ದು ಕೇಳಿದರು. ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ಇರಲಾರದ ಊರಿದು, ಆದರೆ ಸ್ಕೂಲಿನ ತಿಂಡಿ ಅಂದರೆ ಬಣ್ಣದ ಕವರಿನಲ್ಲಿ ಬರಬೇಕು. ಅವರಿಗೆ ನಾನು ವಾದ ಮಾಡಲಿಲ್ಲ, ಹನ್ನೊಂದು ಗಂಟೆಗೆ ಒಂದು ದಿನ ಬಂದು ನೋಡಿ ಅಂದೆ. ಮೊಟ್ಟೆ ವಿಷಯ ಎತ್ತಿದ ಕೂಡಲೇ ಮೀಟಿಂಗು ಎರಡು ಪಾಲಾಯಿತು, ಅದನ್ನು ಅಲ್ಲಿಗೇ ಬಿಟ್ಟೆ. ಹುಟ್ಟುಹಬ್ಬದ ಚಾಕೊಲೇಟಿಗೂ ನಾನು ಅಡ್ಡ ಬರಲ್ಲ. ದಿನಾ ಕೊಡೋ ತಿಂಡಿ ಸರಿ ಇದ್ದರೆ ಅಪರೂಪಕ್ಕೊಂದು ಚಾಕೊಲೇಟಿನಿಂದ ಯಾರೂ ಹಾಳಾಗಲ್ಲ.

ಗೇಟಿನ ಹೊರಗಿನ ಕಥೆ ಬೇರೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿಂಡಿಯನ್ನು ಶಾಲೆಯೊಳಗೆ ಮತ್ತು ಸುತ್ತ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸೋದಕ್ಕೂ ಮಿತಿ ಇದೆ, ಎಣ್ಣೆ ಕೆಡುತ್ತಾ ಬಂದಂತೆ ಹೆಚ್ಚಾಗೋ ಪೋಲಾರ್ ಅಂಶ ಒಟ್ಟು ಶೇ 25 ದಾಟಿದರೆ ಆ ಎಣ್ಣೆ ಬಳಸೋ ಹಾಗಿಲ್ಲ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು ನಮ್ಮ ರಾಜ್ಯದಲ್ಲಿ 2024ರಲ್ಲಿ ನಿಷೇಧಿಸಿದರು. ಇಷ್ಟೆಲ್ಲಾ ಇದ್ದರೂ ಮೂರೂವರೆಗೆ ಗೇಟ್ ತೆಗೆದರೆ ಎದುರಿಗೇ ಗಾಡಿ. ಗಾಡಿಯವನೂ ಹೊಟ್ಟೆಪಾಡಿನವನು. ಅವನ ಹತ್ತಿರ ಬೇಯಿಸಿದ ಶೇಂಗಾ, ಸೌತೆಕಾಯಿ ಇಡಿಸಿ ನೋಡಿದ್ದೇನೆ, ಶೇಂಗಾ ಖರ್ಚಾಗುತ್ತೆ, ಸೌತೆಕಾಯಿ ಆಗಲ್ಲ.

ಈಗ ಮೂರರಿಂದ ಐದನೇ ಕ್ಲಾಸಿನ ಹೆತ್ತವರು ನಮ್ಮ ಮಕ್ಕಳಿಗೂ ಮಾಡಿಸಿ ಅಂತ ಕೇಳುತ್ತಿದ್ದಾರೆ. ಅಲ್ಲೂ 120ರ ಹತ್ತಿರ ಮಕ್ಕಳು. ಇನ್ನೊಂದು ಒಲೆ ಬೇಕು, ಇನ್ನೊಬ್ಬ ಅಕ್ಕ ಬೇಕು. ತಿಂಗಳಿಗೆ ಹತ್ತು ಸಾವಿರ ಸಂಬಳ ಹಿಡಿದು ಹಂಚಿದರೆ ಒಂದು ಮಗುವಿಗೆ 80 ಚಿಲ್ಲರೆ ರೂಪಾಯಿ, ಸಾಮಾನಿನ ದುಡ್ಡು ಬೇರೆ. ಈ ಲೆಕ್ಕವನ್ನು ಗ್ರೂಪಿಗೆ ಹಾಕಿದ್ದೇನೆ. ಆಗಲಿ ಅಂದವರು ನಾಲ್ಕೈದು ಮನೆಯವರು, ಉಳಿದವರು ಬರೀ ಕೈ ಮುಗಿಯೋ ಚಿತ್ರ ಕಳಿಸಿದ್ದಾರೆ. ಅದರ ಅರ್ಥ ಹೂಂ ಅಂತಲೋ ಉಹೂಂ ಅಂತಲೋ ಜೂನ್ ಮೀಟಿಂಗಿನಲ್ಲಿ ಕೇಳಬೇಕು.