ಹೆದರಿಕೆ ಮೈಯಲ್ಲಿ ಕೂತಿದ್ದರೆ ಪಾದದಿಂದ ಶುರು ಮಾಡಿ

ಹುಮನಾಬಾದ್ ರಸ್ತೆಯಲ್ಲಿ ಬೈಕ್ ಮೇಲಿಂದ ಬಿದ್ದು ಎರಡು ವರ್ಷವಾಗಿತ್ತು. ಮೂಳೆ ಕೂಡಿತ್ತು. ಆದರೂ ಹಿಂದಿನಿಂದ ಲಾರಿ ಹಾರ್ನ್ ಕೇಳಿದರೆ ಸಾಕು, ಭುಜ ಕಿವಿ ತನಕ ಏರುತ್ತಿತ್ತು, ಅಂಗೈ ಬೆವರುತ್ತಿತ್ತು. ಅವ್ವ ದೃಷ್ಟಿನೂ ತೆಗೆದಳು. ಆ ಲಾರಿ ಯಾವತ್ತೋ ಹೋಯಿತು ಅನ್ನುವ ಸುದ್ದಿ ನನ್ನ ಮೈಗೆ ಮಾತ್ರ ತಲುಪಿರಲಿಲ್ಲ.

ಅಪಾಯ ಬಂದಾಗ ಮೈ ಓಡಲು ಅಥವಾ ಎದುರಿಸಲು ಬಿಗಿಯಾಗುತ್ತದೆ, ಇಲ್ಲವೇ ಮರಗಟ್ಟುತ್ತದೆ. ಕೆಲವರಲ್ಲಿ ಆ ಬಿಗಿ ಆಮೇಲೂ ಇಳಿಯುವುದಿಲ್ಲ. ಅಮೆರಿಕದ ಪೀಟರ್ ಲೆವಿನ್ 1970ರ ದಶಕದಿಂದ ಬೆಳೆಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಎಂಬ ಚಿಕಿತ್ಸೆ (ಮೈಯಲ್ಲಿ ಅನ್ನಿಸುವುದನ್ನು ಗಮನಿಸುತ್ತ ಹೋಗುವುದು) ಹಿಡಿಯುವುದು ಇದನ್ನೇ. ನಡೆದದ್ದನ್ನೆಲ್ಲ ಮತ್ತೆ ಬಾಯಿಬಿಟ್ಟು ಹೇಳಲೇಬೇಕು ಅಂತಿಲ್ಲ. ಹಾಗಂತ ಇದೇ ರಾಮಬಾಣ ಅಲ್ಲ; ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ), ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತ ಆ ನೆನಪಿಗೆ ಹೋಗುವುದು) ಚಿಕಿತ್ಸೆಗಳಿಗೆ ಇದಕ್ಕಿಂತ ಜಾಸ್ತಿ ಸಂಶೋಧನೆಯ ಬಲ ಇದೆ.

ಮನೆಯಲ್ಲಿ ಮಾಡುವಷ್ಟು ಹೇಳುತ್ತೇನೆ. ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಬರಿಗಾಲಲ್ಲಿ ಶಹಾಬಾದ್ ಪರಸಿ (ನೆಲಕ್ಕೆ ಹಾಸುವ ಕಲ್ಲು) ಮೇಲೆ ನಿಲ್ಲಿ. ತಂಪು ಎಲ್ಲಿ ತಾಗುತ್ತದೆ, ಹಿಮ್ಮಡಿಗಾ, ಬೆರಳಿಗಾ? ಸುಮ್ನೆ ಗಮನಿಸಿ. ಆಮೇಲೆ ಕತ್ತನ್ನು ನಿಧಾನ ತಿರುಗಿಸಿ ಕೋಣೆ ನೋಡಿ: ಕಿಟಕಿ, ಮಡಚಿಟ್ಟ ಕೌದಿ, ಬಾಗಿಲು. ಕಣ್ಣು ಮುಚ್ಚಬೇಡಿ, ನನಗೆ ಮುಚ್ಚಿದರೆ ರಸ್ತೆನೇ ಬರುತ್ತಿತ್ತು. ಉಸಿರು ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿರಲಿ, ಯಾಕಂದರೆ ಬಿಡುವಾಗ ಮಿದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರದ ಮೂಲಕ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ. ಉಸಿರು ನೋಡಿದರೇ ಗಾಬರಿಯಾಗುವವರೂ ಇದ್ದಾರೆ, ಅವರು ಇದನ್ನು ಬಿಟ್ಟು ಪಾದಕ್ಕೇ ಬರಲಿ.

ಇದು ರೂಢಿಯಾದ ಮೇಲೆ ಮಾತ್ರ ಬಿಗಿ ಇರುವ ಜಾಗಕ್ಕೆ ಹೋಗಿ. ಭುಜ ಅಂದುಕೊಳ್ಳಿ, ಹತ್ತು ಸೆಕೆಂಡು ಅಲ್ಲಿ, ಮತ್ತೆ ಪಾದಕ್ಕೆ ವಾಪಸ್. ಹೀಗೆ ಎರಡು ಮೂರು ಸಲ, ಮುಗೀತು. ನಡುಕ, ಆಕಳಿಕೆ ಬಂದರೆ ತಡೆಯಬೇಡಿ. ಧೈರ್ಯ ಮಾಡಿ ಅರ್ಧ ಗಂಟೆ ಅಲ್ಲೇ ಕೂತರೆ ಕೆಡುತ್ತದೆ, ನಾನು ಕೂತು ರಾತ್ರಿಯೆಲ್ಲ ನಿದ್ದೆಗೆಟ್ಟವನು. (ರೊಟ್ಟಿ ಬಡಿಯುವಾಗ ನನ್ನ ಭುಜ ತಾನಾಗೇ ಇಳಿಯುತ್ತದೆ. ಇದು ಚಿಕಿತ್ಸೆ ಅಲ್ಲ, ನನ್ನ ಅನುಭವ.)

ಮೈ ಪೂರ್ತಿ ಮರಗಟ್ಟಿದರೆ, ಘಟನೆ ಈಗಲೇ ನಡೆಯುತ್ತಿದೆ ಅನ್ನಿಸಿದರೆ, ಸಾಯುವ ಯೋಚನೆ ಬಂದರೆ ಒಬ್ಬರೇ ಮುಂದುವರಿಸಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕೋ ಹೊಳೆಯದಿದ್ದರೆ "ಭುಜ ಇಳೀತಿಲ್ಲರೀ, ನಿದ್ದೆ ಬರ್ತಿಲ್ಲ" ಅಷ್ಟೇ ಹೇಳಿ. ಮುಂದಿನದನ್ನು ಅವರೇ ಕೇಳುತ್ತಾರೆ.