ನೆನಪಿನ ಟಿ ಕೋಶಗಳ ನಿಧಾನ ವಿಭಜನೆಯನ್ನು ಕೊನೆಗೂ ಕಂಡದ್ದು: ನನ್ನ ಅನುಭವ

ಸೋಂಕು ಕಳೆದು ಪ್ರತಿಜನಕವೇ (ಪ್ರತಿರಕ್ಷೆಯನ್ನು ಕೆರಳಿಸುವ ರೋಗಾಣುವಿನ ಅಂಶವೇ) ಉಳಿಯದ ಇಲಿಯಲ್ಲಿಯೂ ಸಿಡಿ8 ನೆನಪಿನ ಕೋಶಗಳು, ಅಂದರೆ ಹಿಂದೆ ಎದುರಿಸಿದ ರೋಗಾಣುವನ್ನು ನೆನಪಿಟ್ಟುಕೊಳ್ಳುವ ಬಿಳಿ ರಕ್ತಕಣಗಳು, ಎರಡು ಮೂರು ವಾರಕ್ಕೊಮ್ಮೆ ಇಬ್ಭಾಗವಾಗುತ್ತ ತಮ್ಮ ಸಂಖ್ಯೆಯನ್ನು ಕಾಯ್ದುಕೊಳ್ಳುತ್ತವೆ. ಆದರೆ ಕೋಶ ಇಬ್ಭಾಗವಾದಾಗಲೆಲ್ಲ ಹೊಳಪು ಅರ್ಧಕ್ಕಿಳಿಯುವ ಸಿಎಫ್‌ಎಸ್‌ಇ ಬಣ್ಣವೊಂದನ್ನೇ ನಂಬಿಕೊಂಡು, ನಮ್ಮಂಥ ಸಣ್ಣ ಪ್ರಯೋಗಾಲಯದಲ್ಲಿ ಅದನ್ನು ಸ್ಪಷ್ಟವಾಗಿ ತೋರಿಸಲಾಗದು ಎಂದು ಹಿರಿಯ ಸಹೋದ್ಯೋಗಿಗಳು ಹೇಳಿದ್ದರು. ಎರಡು ವರ್ಷ ಹಿಡಿಯಿತು, ತೋರಿಸಿದೆ.

ಮೊದಲ ತಪ್ಪು ವಿಕಿರಣ ಹಾಯಿಸಿದ ಇಲಿಗಳಿಗೆ ಕೋಶಗಳನ್ನು ಸೇರಿಸಿದ್ದು. ವಾರದೊಳಗೆ ಬಣ್ಣದ ಹೊಳಪಿನ ನಕ್ಷೆಯಲ್ಲಿ ಆರೇಳು ಶಿಖರಗಳು, ವಿಭಜನೆಗೊಂದರಂತೆ, ಮೂಡಿದಾಗ ಎಲ್ಲರೂ ಸಂಭ್ರಮಪಟ್ಟೆವು. ಆದರೆ ಪೈಪೋಟಿಗೆ ಬೇರೆ ಕೋಶಗಳಿಲ್ಲದೆ ಐಎಲ್-7, ಐಎಲ್-15 ಎಂಬ, ಈ ಕೋಶಗಳನ್ನು ಬದುಕಿಸಿ ಬೆಳೆಸುವ ಸಂಕೇತ ಪ್ರೋಟೀನುಗಳು ಧಾರಾಳವಾಗಿ ಸಿಕ್ಕಿದ್ದರಿಂದಲೇ ಆ ವೇಗ ಬಂದಿತ್ತೇ ಹೊರತು, ಅದು ಸಹಜ ನವೀಕರಣವಾಗಿರಲಿಲ್ಲ. ಸುಮಾರು 12 ಇಲಿಗಳು ವ್ಯರ್ಥವಾದವು. ಆಮೇಲೆ 5 ಮೈಕ್ರೊಮೋಲಾರ್ ಬಣ್ಣ ಹಾಕಿ ಮುಕ್ಕಾಲು ಪಾಲು ಕೋಶಗಳನ್ನು ಕೊಂದೆ. ಈಗ ಒಂದೂವರೆಯ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ. ಬಣ್ಣ ಹಚ್ಚುವಾಗ ಸೀರಮ್ ಯಾವಾಗ, ಎಷ್ಟು ಸೇರಿಸಬೇಕೆಂಬ ಹದವನ್ನು ಮಾತ್ರ, ಹತ್ತಾರು ಬಾರಿ ಕೆಡಿಸಿ ಕಲಿತದ್ದಾದ್ದರಿಂದ, ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಮೊದಲೆರಡು ದಿನಗಳಲ್ಲಿ ವಿಭಜನೆಯಿಲ್ಲದೆಯೂ ಬಣ್ಣ ಮಂಕಾಗುವುದರಿಂದ ಹೋಲಿಕೆಗೆ ಐಎಲ್-15 ಇಲ್ಲದ ಇಲಿಗಳು ಬೇಕೇ ಬೇಕಾದವು. ಅವನ್ನು ತರಿಸಿ ಸಾಕಲು, ಪ್ರತಿಕಾಯಗಳನ್ನು ಕೊಳ್ಳಲು ಎಲ್ಲ ಸೇರಿ ಮೂರೂವರೆ ಲಕ್ಷ ದಾಟಿತು. ಅಷ್ಟು ಹಣ ಮೊದಲೇ ಹಾಕಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ನಡುವೆ ತಟ್ಟೆಯಲ್ಲೂ ಒಂದು ಪ್ರಯೋಗ ನಡೆಸಿದೆ. ಏನನ್ನೂ ಕೊಡದ ಕೋಶಗಳು ಮೂರನೆಯ ದಿನಕ್ಕೆ ಬಹುತೇಕ ಸತ್ತಿದ್ದವು. ಐಎಲ್-7 ಕೊಟ್ಟವು ಸುಮ್ಮನೆ ಬದುಕಿದ್ದವು, ಅವುಗಳಲ್ಲಿ ಕೋಶ ಸಾಯದಂತೆ ತಡೆಯುವ ಬಿಸಿಎಲ್-2 ಪ್ರೋಟೀನು ಹೆಚ್ಚಿತ್ತು. ಐಎಲ್-15 ಹೆಚ್ಚಾಗಿ ಕೊಟ್ಟವು ಮಾತ್ರ ವಿಭಜಿಸಿದವು.

ಫಲ ಸಿಕ್ಕಿದ್ದು ಗುಲ್ಮವನ್ನು (ಸ್ಪ್ಲೀನ್) ಬಿಟ್ಟು ಮೂಳೆಮಜ್ಜೆಯತ್ತ ತಿರುಗಿದಾಗ. ಐದನೆಯ ವಾರ ತೊಡೆಮೂಳೆಯ ಎರಡೂ ತುದಿ ಕತ್ತರಿಸಿ, ಸಣ್ಣ ಸೂಜಿಯಿಂದ ದ್ರಾವಣ ಹಾಯಿಸಿ ಮಜ್ಜೆಯನ್ನು ಹೊರತಳ್ಳಿ, ಸೇರಿಸಿದ್ದ ಸುಮಾರು ಹತ್ತು ಲಕ್ಷ ಕೋಶಗಳಲ್ಲಿ ಮರಳಿ ಸಿಕ್ಕ ಕೆಲವೇ ಸಾವಿರವನ್ನು, ಒಂದೊಂದು ಕೋಶದ ಹೊಳಪನ್ನೂ ಅಳೆಯುವ ಫ್ಲೋ ಸೈಟೋಮೀಟರಿಗೆ ಹಾಕಿದೆ. ಮೂಲ ಶಿಖರದ ಎಡಕ್ಕೆ, ಒಂದಕ್ಕಿಂತ ಒಂದು ಅರ್ಧದಷ್ಟು ಮಂಕಾದ ಮೂರು ಶಿಖರಗಳಿದ್ದವು. ಗುಲ್ಮಕ್ಕಿಂತ ಇಲ್ಲಿ ವಿಭಜಿಸಿದ ಕೋಶಗಳ ಪಾಲು ಹೆಚ್ಚುಕಡಿಮೆ ಇಮ್ಮಡಿ. ಐಎಲ್-15 ಇಲ್ಲದ ಇಲಿಯಲ್ಲಿ ಇದ್ದದ್ದು ಒಂದೇ ಶಿಖರ, ಅದೂ ಬಹಳ ಕುಗ್ಗಿತ್ತು.

ಮನುಷ್ಯರಿಗೆ ಈ ವೇಗವನ್ನು ಅನ್ವಯಿಸಬಾರದು. ಹಳದಿ ಜ್ವರದ ಲಸಿಕೆ ಪಡೆದವರಿಗೆ, ವಿಭಜಿಸುವ ಕೋಶಗಳಲ್ಲಿ ಗುರುತು ಉಳಿಸುವ ಭಾರಜಲ ಕುಡಿಸಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆ ಕೋಶಗಳು ವರ್ಷಕ್ಕೊಮ್ಮೆಗಿಂತಲೂ ವಿರಳವಾಗಿ ವಿಭಜಿಸುತ್ತವೆ. ಅಷ್ಟು ಕಾಲ ಸಿಎಫ್‌ಎಸ್‌ಇ ಉಳಿಯದು.