7,000 ರೂಪಾಯಿಯಲ್ಲಿ ನಮ್ಮ ಊಟದ ಕೋಣೆ

ಬೆಂಗಳೂರಿನ ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಓನರ್ 'ಇದು ಡೈನಿಂಗು' ಅಂತ ತೋರಿಸಿದ್ದು 8 ಅಡಿ ಅಗಲ, 9 ಅಡಿ ಉದ್ದದ ಜಾಗ. ಹಾಲ್‌ನಿಂದ ಅಡುಗೆಮನೆಗೆ ಹೋಗುವ ದಾರಿಯೂ ಅದೇ. ಫ್ರಿಜ್ಜು, ಇನ್ವರ್ಟರು, ಕೈ ತೊಳೆಯುವ ಬೇಸಿನ್ನು ಎಲ್ಲ ಅಲ್ಲೇ. ಮೂರು ವರ್ಷ ಐದೂ ಜನ ಟಿವಿ ಮುಂದೆ ನೆಲದ ಮೇಲೆ ಕೂತು ಉಂಡೆವು. ಅತ್ತೆಗೆ ಮಂಡಿನೋವು ಬಂದು ನೆಲಕ್ಕೆ ಕೂರುವುದು ಆಗದೆ ಹೋದಾಗ, ಚೀಟಿ ದುಡ್ಡಿನಲ್ಲಿ 7,000 ರೂಪಾಯಿ ಇದಕ್ಕೆಂದು ಎತ್ತಿಟ್ಟೆ.

ಮೊದಲ ವಾರ ಒಂದು ಪೈಸೆಯೂ ಖರ್ಚು ಮಾಡಲಿಲ್ಲ. ಅಲ್ಲಿಂದ ಹೊರಹಾಕುವುದೇ ಕೆಲಸವಾಯಿತು: ಹಳೇ ಪೇಪರಿನ ಕಟ್ಟು, ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ, ಮುರಿದ ಕೊಡೆ, ಯಾರೂ ಓಡಿಸದ ಮಗನ ಸೈಕಲ್ಲು. ನೀವೂ ಹಾಗೇ ಮಾಡಿ. ಕೋಣೆ ಖಾಲಿಯಾದ ಮೇಲೆ ಏನು ಬೇಕು ಅನ್ನುವ ಪಟ್ಟಿ ಅರ್ಧಕ್ಕರ್ಧ ಇಳಿಯುತ್ತದೆ.

ಆಮೇಲೆ ಅಳತೆ. ಊಟದ ಟೇಬಲ್ಲಿನಲ್ಲಿ ಒಬ್ಬರಿಗೆ 2 ಅಡಿ ಅಂಚು ಸಿಕ್ಕರೆ ಮೊಣಕೈ ತಾಗುವುದಿಲ್ಲ. ಟೇಬಲ್ ಎತ್ತರ 30 ಇಂಚು, ಕೂರುವ ಎತ್ತರ 18 ಇಂಚು ಇರಬೇಕು. ಕುರ್ಚಿ ಹಿಂದಕ್ಕೆ ಎಳೆದು ಏಳಲು 30 ಇಂಚು, ಕೂತವರ ಹಿಂದೆ ಇನ್ನೊಬ್ಬರು ಓಡಾಡಬೇಕೆಂದರೆ 3 ಅಡಿ ಬೇಕು. 4 ಅಡಿ ಉದ್ದ, ಎರಡೂವರೆ ಅಡಿ ಅಗಲದ ಟೇಬಲ್ಲನ್ನು ಕೋಣೆಯ ನಡುವೆ ಇಟ್ಟರೆ ಎರಡೂ ಕಡೆ ಉಳಿಯುವುದು 33 ಇಂಚು, ಹಿಂದೆ ಓಡಾಡಲು ಎತ್ತಲೂ ಸಾಲದು. ಅದೇ ಗೋಡೆಗೆ ಒತ್ತಿ 18 ಇಂಚಿನ ಬೆಂಚು ಹಾಕಿ, ಅದಕ್ಕೆ ಹೊಂದಿಸಿ ಟೇಬಲ್ ಇಟ್ಟರೆ ಆಚೆ ಕಡೆ ಪೂರ್ತಿ 4 ಅಡಿ ಉಳಿಯುತ್ತದೆ. ಲೆಕ್ಕ ಬಾರದಿದ್ದರೆ ಬೇಡ, ಪೇಪರ್ ಹಾಳೆಗಳನ್ನು ಅಂಟಿಸಿ ಟೇಬಲ್ಲಿನ ಅಳತೆಗೆ ಕತ್ತರಿಸಿ, ನೆಲದ ಮೇಲೆ ಹಾಸಿ ಎರಡು ದಿನ ಓಡಾಡಿ. ಎಷ್ಟು ಸಲ ಅದನ್ನು ತುಳಿದಿರಿ ಅಂತ ಹೆಜ್ಜೆ ಗುರುತೇ ಹೇಳುತ್ತದೆ.

ಬೆಂಚಿಗೆ ಬಡಗಿಯನ್ನು ಕೇಳಿದೆ. ಪ್ಲೈವುಡ್ಡಿನ ರೇಟು ಕೇಳಿಯೇ ವಾಪಸ್ ಬಂದೆ. ಮಂಚದ ಕೆಳಗೆ ಧಾರವಾಡದಿಂದ ನನ್ನ ಜೊತೆ ಬಂದಿದ್ದ ಅಪ್ಪನ ಕಬ್ಬಿಣದ ಟ್ರಂಕು ಇತ್ತು: 3 ಅಡಿ ಉದ್ದ, ಒಂದೂವರೆ ಅಡಿ ಅಗಲ, 14 ಇಂಚು ಎತ್ತರ. ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಬಳಿದು ಒಂದು ರಾತ್ರಿ ಬಿಟ್ಟು, ಆಮೇಲೆ ಕಡುಹಸಿರು ಎನಾಮಲ್ ಎರಡು ಸಲ ಹೊಡೆದೆ. ಮೇಲೆ ಹಳೇ ಹಾಸಿಗೆಯ ಅರಳೆ ಬಿಡಿಸಿ ಹೊಲಿಸಿದ 4 ಇಂಚಿನ ಗಾದಿ. ಮಕ್ಕಳಿಬ್ಬರಿಗೂ ಅಲ್ಲಿ ಜಾಗ ಸರಿಹೋಯಿತು, ಒಳಗೆ ಹಬ್ಬದ ಪಾತ್ರೆಗಳೂ ಹೋದವು. ವಯಸ್ಸಾದವರನ್ನು ಮಾತ್ರ ಟ್ರಂಕಿನ ಮೇಲೆ ಕೂರಿಸಬೇಡಿ, ಅವರಿಗೆ ಕೈ ಊರಿ ಏಳುವಂಥ ಕುರ್ಚಿಯೇ ಬೇಕು.

ಟೇಬಲ್ಲು, ಮೂರು ಕುರ್ಚಿ ಸೆಕೆಂಡ್ ಹ್ಯಾಂಡ್: 3,200 ರೂಪಾಯಿ, ಟೆಂಪೋಗೆ 400. ಹಳೆಯದನ್ನು ಕೊಳ್ಳುವಾಗ ಮೇಲಿನ ಹೊಳಪು ನೋಡಬೇಡಿ, ಮಗುಚಿ ಹಾಕಿಸಿ. ಕಾಲಿನ ಬುಡದಲ್ಲಿ ಮಣ್ಣಿನ ಗೆರೆಯಿದ್ದರೆ ಗೆದ್ದಲು, ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಹುಳ. ಎರಡೂ ಬೇಡ. ಅಲುಗಾಡಿದರೆ ಹೆದರಬೇಕಿಲ್ಲ, ಬಹಳ ಸಲ ತಿರುಪು ಸಡಿಲವಾಗಿರುತ್ತದೆ ಅಷ್ಟೆ. 120ನೇ ನಂಬರಿನ ಉಪ್ಪುಕಾಗದ, ಆಮೇಲೆ 220, ಯಾವಾಗಲೂ ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ. ನಂತರ ವಾರ್ನಿಷ್ ತೆಳುವಾಗಿ ಎರಡು ಸಲ.

ಸಣ್ಣ ಕೋಣೆಗೆ ಬಿಳಿ ಬಣ್ಣವೇ ಅನ್ನುತ್ತಾರೆ. ಹೇಳುವವರ ಮನೆಯಲ್ಲಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವವರು ಇಲ್ಲವೇನೋ! ಗೋಡೆಗೆ ಒರಗಿ ಕೂರುವ ಜಾಗದಲ್ಲಿ ತಿಂಗಳೊಳಗೆ ಎರಡು ಗುಂಡನೆಯ ಕಲೆ ಖಂಡಿತ. ನಮ್ಮೂರ ಹಳೇ ಮನೆಗಳಲ್ಲಿ ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣು ಸಾರಿಸುತ್ತಿದ್ದದ್ದು ನೆನಪಾಯಿತು. ಓನರ್ ಒಪ್ಪಿಗೆ ಕೇಳಿ, ಟ್ರಂಕಿನ ಹಿಂದಿನ ಗೋಡೆಗೆ ಮಾತ್ರ ನೆಲದಿಂದ ನಾಲ್ಕೂವರೆ ಅಡಿವರೆಗೆ ಕೆಮ್ಮಣ್ಣಿನ ಬಣ್ಣದ, ಒರೆಸಿದರೆ ಕಲೆ ಹೋಗುವಂಥ ಪೇಂಟು ಹೊಡೆದೆ. 1 ಲೀಟರ್ ಸಾಕಾಯಿತು, 560 ರೂಪಾಯಿ. ಮೇಲಂಚಿಗೆ ಟೇಪ್ ಅಂಟಿಸಿಕೊಳ್ಳಿ. ಬಣ್ಣ ಪೂರ್ತಿ ಒಣಗುವ ಮೊದಲೇ ಅದನ್ನು ಕಿತ್ತರೆ ಗೆರೆ ನೇರ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೋಣೆ ಬದಲಾಗಿದ್ದು ಬೆಳಕಿನಿಂದ. ಬಿಳಿ ಟ್ಯೂಬ್‌ಲೈಟಿನ ಕೆಳಗೆ ನನ್ನ ಸಾರು ಬೂದಿ ಬಣ್ಣಕ್ಕೆ ಕಾಣುತ್ತಿತ್ತು. 9 ವ್ಯಾಟಿನ ಎಲ್‌ಇಡಿ ತನ್ನಿ, ಡಬ್ಬದ ಮೇಲೆ 'ವಾರ್ಮ್ ವೈಟ್' ಅಥವಾ 3000 ಕೆಲ್ವಿನ್ ಅಂತ ಇರಬೇಕು. ಶೇಡಿಗೆ ಕೆ.ಆರ್. ಮಾರ್ಕೆಟ್ಟಿನ ಬಿದಿರು ಬುಟ್ಟಿಯನ್ನು ಬೋರಲು ಹಾಕಿದೆ. (ಹಳೇ ತಂತಿಯ ಬಲ್ಬು ಹಾಕಬೇಡಿ, ಕಾವಿಗೆ ಬುಟ್ಟಿ ಸುಟ್ಟೀತು.) ದೀಪ ಟೇಬಲ್ಲಿನಿಂದ 30 ಇಂಚು ಮೇಲೆ ತೂಗಬೇಕು ಅಂತ ಎಲ್ಲ ಕಡೆ ಹೇಳುತ್ತಾರೆ. ಹಾಗೇ ಕಟ್ಟಿದೆ. ಫ್ಯಾನ್ ಹಾಕಿದ ಕೂಡಲೇ ಅದು ತೊಟ್ಟಿಲಿನಂತೆ ತೂಗತೊಡಗಿತು, ಗೋಡೆಯ ಮೇಲೆಲ್ಲ ಬುಟ್ಟಿಯ ನೆರಳು ಕುಣಿಯಿತು, ಟ್ರಂಕಿನಿಂದ ಎದ್ದ ಮಗಳ ಹಣೆಗೂ ಬಡಿಯಿತು. ಈಗ ಹೂಕುಂಡ ತೂಗುಹಾಕುವ ಬ್ರಾಕೆಟ್ಟನ್ನು ಗೋಡೆಗೆ ಆರೂವರೆ ಅಡಿ ಎತ್ತರದಲ್ಲಿ ಬಡಿದು, ಬುಟ್ಟಿಯನ್ನು ಅದಕ್ಕೇ ಬಿಗಿಯಾಗಿ ಕಟ್ಟಿದ್ದೇನೆ. ಕನೆಕ್ಷನ್ ಕೊಡಿಸಿದ್ದು ಎಲೆಕ್ಟ್ರಿಷಿಯನ್ ಕೈಯಲ್ಲಿ. ಎಲ್ಲ ಸೇರಿ 450.

ಅಲಂಕಾರಕ್ಕೆಂದು ಅಂಗಡಿಯಿಂದ ಏನೂ ತರಲಿಲ್ಲ. ಅವ್ವನ ಇಳಕಲ್ ಸೀರೆಯೊಂದು ಮಡಿಕೆಯಲ್ಲೇ ಸೀಳಿತ್ತು. ಗಟ್ಟಿ ಇದ್ದ ಭಾಗ ಇನ್ವರ್ಟರಿನ ಗೂಡಿಗೆ ಪರದೆಯಾಯಿತು, ಗಾಳಿಯಾಡಲೆಂದು ಬದಿಗಳನ್ನು ಬಿಟ್ಟಿದ್ದೇನೆ. ಸೆರಗಿನಲ್ಲಿ ಅವ್ವನೇ ಹಾಕಿದ ಕಸೂತಿಯ ತೇರು, ಗೋಪುರ ಇದ್ದವು. ಅದನ್ನು ಹಳೇ ಫೋಟೋ ಫ್ರೇಮಿಗೆ ಕೂರಿಸಿ ಗೋಡೆಗೆ ಹಾಕಿದೆ. ಕತ್ತರಿ ಹಾಕುವ ಮೊದಲು ಎರಡು ದಿನ ಯೋಚಿಸಿದೆ. ಟೇಲರಿಗೆ 180.

ಟೇಬಲ್ಲಿಗೆ ಬಟ್ಟೆ ಹಾಸಬೇಡಿ. ಹುಳಿ ಚೆಲ್ಲುವ ಮನೆಗೆ ಅದು ದಿನಾ ಒಗೆತ. ವಾರ್ನಿಷ್ ಮೇಲೆ ಬಿಸಿ ಪಾತ್ರೆ ಇಟ್ಟರೆ ಬಿಳಿ ಉಂಗುರ ಏಳುತ್ತದೆ, ಅದಕ್ಕೆ ತೆಂಗಿನ ನಾರಿನ ಸಿಂಬಿ ಸಾಕು.

ಗಾದಿಗೆ 600, ಟ್ರಂಕಿನ ಬಣ್ಣ, ವಾರ್ನಿಷ್, ಉಪ್ಪುಕಾಗದಕ್ಕೆ 780 ಸೇರಿಸಿದರೆ ಒಟ್ಟು 6,170. ಮೊದಲ ರಾತ್ರಿ ಅತ್ತೆ ಕುರ್ಚಿಯಲ್ಲಿ ಕೂತು ಸುತ್ತ ನೋಡಿ, "ಖಾನಾವಳಿ ಇಟ್ಟಿ ಏನ್ ತಂಗಿ?" ಅಂದರು. ಎರಡನೇ ಸಲ ರೊಟ್ಟಿ ಹಾಕಿಸಿಕೊಂಡರು.

ಉಳಿದ 830 ರೂಪಾಯಿಗೆ ಹೊಂದುವ ಇನ್ನೊಂದು ಕುರ್ಚಿ ಹುಡುಕುತ್ತಿದ್ದೇನೆ. ಸಿಗುವವರೆಗೆ, ಆರನೆಯವರು ಊಟಕ್ಕೆ ಬಂದರೆ ನಮ್ಮ ಮನೆಯವರು ಫ್ರಿಜ್ಜಿಗೆ ಒರಗಿ ನಿಂತು ಉಣ್ಣುತ್ತಾರೆ.